ಹಿರೋಶಿಮಾ, ನಾಗಸಾಕಿ ಸಾವಿನ ಲೆಕ್ಕ ಬರೆಯುವುದು ಹೇಗೆ

ಹಿರೋಶಿಮಾದಲ್ಲಿ ಸತ್ತವರೆಷ್ಟು ಎಂದು ಹುಡುಕಿದರೆ ಒಂದು ಕಡೆ 64,500, ಇನ್ನೊಂದು ಕಡೆ 1,40,000, ಮತ್ತೊಂದು ಕಡೆ 3,44,306 ಸಿಗುತ್ತದೆ. ಮೂರಕ್ಕೂ ಆಧಾರವಿದೆ, ಆದರೆ ಮೂರೂ ಎಣಿಸಿದ್ದು ಬೇರೆ ಬೇರೆಯದನ್ನು. ಲೇಖನಕ್ಕೋ ಪಾಠಕ್ಕೋ ಒಂದನ್ನು ಎತ್ತಿಕೊಳ್ಳುವ ಮೊದಲು ಅದು ಯಾವ ದಿನದವರೆಗಿನ ಲೆಕ್ಕ, ಯಾರ‍್ಯಾರನ್ನು ಸೇರಿಸಿದೆ, ಎಣಿಸಿದವರು ಯಾರು ಎಂದು ನೋಡಿಕೊಳ್ಳಿ.

ಮೊದಲು ದಿನಾಂಕ. ಹಿರೋಶಿಮಾದ ಮೇಲೆ ಅಣುಬಾಂಬ್ ಸಿಡಿದದ್ದು 1945ರ ಆಗಸ್ಟ್ 6, ಬೆಳಿಗ್ಗೆ 8:15ಕ್ಕೆ. ಸ್ಫೋಟದ ನೇರ ಕೆಳಗಿನ ಜಾಗದಿಂದ 1.2 ಕಿ.ಮೀ. ಒಳಗಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಅದೇ ದಿನ ಸತ್ತರು. ಸುಟ್ಟಗಾಯದವರು ನಂತರದ ದಿನಗಳಲ್ಲಿ ತೀರಿಕೊಂಡರು. ಮೇಲ್ನೋಟಕ್ಕೆ ಗಾಯವಿಲ್ಲದವರಿಗೆ ಎರಡು ಮೂರು ವಾರಕ್ಕೆ ಕೂದಲು ಉದುರಿತು, ವಸಡಿನಲ್ಲಿ ರಕ್ತ ಒಸರಿತು, ಜ್ವರ ಬಂತು. ವಿಕಿರಣಕ್ಕೆ ಮೂಳೆಮಜ್ಜೆ ಹಾಳಾಗಿ ರಕ್ತಕಣ ಹುಟ್ಟುವುದೇ ನಿಂತಿತ್ತು. ಹೀಗಾಗಿ ‘ಒಂದೇ ಕ್ಷಣದಲ್ಲಿ 1,40,000 ಸಾವು’ ಎಂದು ಬರೆದರೆ ತಪ್ಪು. 1,40,000 ಎನ್ನುವುದು 1945ರ ಡಿಸೆಂಬರ್ ಕೊನೆಯವರೆಗಿನ ಅಂದಾಜು, 10,000 ಆಚೀಚೆ. 64,500 ಅಮೆರಿಕ-ಜಪಾನ್ ಜಂಟಿ ಆಯೋಗದ್ದು. ಅದು ನವೆಂಬರ್ ಮಧ್ಯಕ್ಕೇ ನಿಲ್ಲುತ್ತದೆ.

ಒಂದೂವರೆ ತಿಂಗಳಿನ ಅಂತರಕ್ಕೆ ಲೆಕ್ಕ ದುಪ್ಪಟ್ಟಾಗುವುದಿಲ್ಲ ತಾನೇ? ದೊಡ್ಡ ವ್ಯತ್ಯಾಸ ಇರುವುದು ಅಂದು ಊರಲ್ಲಿದ್ದವರೆಷ್ಟು ಎಂಬಲ್ಲಿ. ಆರಂಭದ ಅಮೆರಿಕನ್ ಅಂದಾಜುಗಳು ಪಡಿತರ ನೋಂದಣಿಯನ್ನು ಹಿಡಿದು ಸುಮಾರು ಎರಡೂವರೆ ಲಕ್ಷ ಜನ ಎಂದುಕೊಂಡವು. ಬ್ಯಾರಕ್ಕುಗಳಲ್ಲಿದ್ದ ಸೈನಿಕರು, ಹೊರಗಿನಿಂದ ಕೆಲಸಕ್ಕೆ ಬಂದವರು, ಕೊರಿಯಾದ ಕೂಲಿಗಳು ಅದರಲ್ಲಿ ಸರಿಯಾಗಿ ಸೇರುವುದಿಲ್ಲ. ಬೆಂಕಿ ಹರಡದಂತೆ ಮನೆಗಳನ್ನು ಕೆಡವಿ ಜಾಗ ಖಾಲಿ ಮಾಡಲು ಆ ಬೆಳಿಗ್ಗೆ ಹನ್ನೆರಡು ಹದಿಮೂರು ವಯಸ್ಸಿನ ಸಾವಿರಾರು ಶಾಲಾ ಮಕ್ಕಳನ್ನು ಬಯಲಿಗೆ ಕಳಿಸಿದ್ದರು; ತಲೆ ಮೇಲೆ ಸೂರಿಲ್ಲದೆ ನಿಂತಿದ್ದ ಈ ಗುಂಪಿನಲ್ಲಿ ಉಳಿದವರು ಕಡಿಮೆ. ಎರಡೂ ನಗರಗಳು 1976ರಲ್ಲಿ ವಿಶ್ವಸಂಸ್ಥೆಗೆ ವರದಿ ಕೊಡುವಾಗ ಇವರೆಲ್ಲರನ್ನೂ ಸೇರಿಸಿ ಹಿರೋಶಿಮಾದಲ್ಲಿ ಸುಮಾರು ಮೂರೂವರೆ ಲಕ್ಷ ಜನರಿದ್ದರು ಎಂದು ಹಿಡಿದವು. ಒಂದು ಲೇಖನದಿಂದ ಜನಸಂಖ್ಯೆ, ಇನ್ನೊಂದರಿಂದ ಸಾವು ತೆಗೆದು ಶೇಕಡಾ ಹಾಕಿದರೆ ಅದಕ್ಕೆ ಅರ್ಥವಿರುವುದಿಲ್ಲ. ಈ ತಪ್ಪು ಎಷ್ಟೋ ಕಡೆ ಕಾಣುತ್ತದೆ.

ಅಂದಹಾಗೆ, ‘1,40,000 ಜಪಾನೀಯರು’ ಎಂದೂ ಬರೆಯಬೇಡಿ. ಕೊರಿಯನ್ನರಿದ್ದರು, ಸೆರೆಯಲ್ಲಿದ್ದ 12 ಮಂದಿ ಅಮೆರಿಕನ್ ಯುದ್ಧವಿಮಾನ ಸಿಬ್ಬಂದಿಯೂ ಇದ್ದರು.

3,44,306 ಎನ್ನುವುದು 2024ರ ಆಗಸ್ಟ್ 6ಕ್ಕೆ ಹಿರೋಶಿಮಾ ಸ್ಮಾರಕದ ಪಟ್ಟಿಯಲ್ಲಿದ್ದ ಹೆಸರುಗಳು. ಹಿಂದಿನ ಒಂದು ವರ್ಷದಲ್ಲಿ ತೀರಿಕೊಂಡಿದ್ದು ತಿಳಿದುಬಂದ ಬದುಕುಳಿದವರ ಹೆಸರು ಅಲ್ಲಿ ಸೇರುತ್ತದೆ, ಸಾವಿಗೆ ಕಾರಣ ಏನೇ ಇರಲಿ. ತೊಂಬತ್ತರ ವಯಸ್ಸಿನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡವರ ಹೆಸರೂ ಇರುತ್ತದೆ. ಅದನ್ನು ‘ಬಾಂಬಿಗೆ ಬಲಿಯಾದವರು’ ಎನ್ನುವಂತಿಲ್ಲ.

ನಾಗಸಾಕಿಗೆ 73,884 ಎಂಬ ಸಂಖ್ಯೆ ಚಾಲ್ತಿಯಲ್ಲಿದೆ. ಒಂದೊಂದೇ ತಲೆ ಎಣಿಸಿದಂತೆ ಕಂಡರೂ ಅದೂ ಅಂದಾಜೇ. 60,000ದಿಂದ 80,000 ಎಂದರೆ ಸಾಕು. ಅಲ್ಲಿನ ಬಾಂಬ್ ಹೆಚ್ಚು ಬಲದ್ದು, ಸುಮಾರು 21 ಕಿಲೋಟನ್, ಹಿರೋಶಿಮಾದ್ದು 15. ಆದರೆ ಸಿಡಿದದ್ದು ಗುರಿ ತಪ್ಪಿ ಉರಕಾಮಿ ಕಣಿವೆಯ ಮೇಲೆ, ಹಾಗಾಗಿ ಗುಡ್ಡಗಳ ಆಚೆಗಿನ ಊರಿನ ಭಾಗಕ್ಕೆ ಪೆಟ್ಟು ಕಡಿಮೆ.

ಕ್ಯಾನ್ಸರಿನ ವಿಷಯದಲ್ಲಿ ಎರಡೂ ದಿಕ್ಕಿಗೆ ಎಡವುತ್ತಾರೆ. ಬದುಕುಳಿದವರ ಆರೋಗ್ಯದ ಬಗ್ಗೆ 1950ರಿಂದ ನಡೆದ ಅಧ್ಯಯನದಲ್ಲಿ ಸುಮಾರು 1,20,000 ಜನರಿದ್ದಾರೆ. ರಕ್ತದ ಕ್ಯಾನ್ಸರ್ 1950ರ ದಶಕದ ಆರಂಭದಲ್ಲೇ ಏರಿತು, ಗಡ್ಡೆಯ ಕ್ಯಾನ್ಸರುಗಳು ನಂತರ. 1958ರಿಂದ 1998ರವರೆಗೆ ಈ ಗುಂಪಿನಲ್ಲಿ ಕಂಡ 17,448 ಗಡ್ಡೆ ಕ್ಯಾನ್ಸರುಗಳಲ್ಲಿ ವಿಕಿರಣದ ಪಾಲು ಸುಮಾರು 850 ಎಂದು ಲೆಕ್ಕ ಹಾಕಿದ್ದಾರೆ. ಯಾವ ರೋಗಿಯದು ಆ 850ರಲ್ಲಿ ಎಂದು ಬೆರಳಿಟ್ಟು ತೋರಿಸಲಾಗದು. ಬದುಕುಳಿದವರಿಗೆ ಆಮೇಲೆ ಗರ್ಭ ನಿಂತು ಹುಟ್ಟಿದ ಮಕ್ಕಳಲ್ಲಿ ವಂಶಪಾರಂಪರ್ಯ ಹಾನಿ ಈವರೆಗೆ ಪತ್ತೆಯಾಗಿಲ್ಲ. ಗರ್ಭದಲ್ಲಿದ್ದಾಗ, ಮುಖ್ಯವಾಗಿ 8ರಿಂದ 15ನೇ ವಾರದಲ್ಲಿ, ವಿಕಿರಣ ತಗುಲಿದವರ ಮಿದುಳಿಗೆ ಹಾನಿಯಾಗಿದ್ದು ದಾಖಲಾಗಿದೆ. ಇವೆರಡನ್ನೂ ಒಂದೇ ವಾಕ್ಯದಲ್ಲಿ ಕಲೆಸಬೇಡಿ.

ಚಿತ್ರ ಹಾಕುವವರಿಗೆ ಒಂದು ಮಾತು. ಹಿರೋಶಿಮಾದ ಸುಮಿತೊಮೊ ಬ್ಯಾಂಕಿನ ಮೆಟ್ಟಿಲ ಮೇಲಿನ ‘ನೆರಳು’ ಆವಿಯಾದ ಮನುಷ್ಯನ ಗುರುತು ಎಂಬ ತಪ್ಪು ಶೀರ್ಷಿಕೆ ಎಲ್ಲೆಡೆ ಇದೆ. ಸ್ಫೋಟದ ಶಾಖಕ್ಕೆ ಸುತ್ತಲಿನ ಕಲ್ಲು ಬಿಳಿಚಿತು, ಅಲ್ಲಿ ಕೂತಿದ್ದವರ ಮೈ ಮರೆಮಾಡಿದಷ್ಟು ಜಾಗ ಕಪ್ಪಾಗಿ ಉಳಿಯಿತು. ಶೀರ್ಷಿಕೆಗೆ ಅಷ್ಟು ಸಾಕು.

ವಾಕ್ಯ ಹೀಗಿರಲಿ: ‘1945ರ ಕೊನೆಯೊಳಗೆ ಹಿರೋಶಿಮಾದಲ್ಲಿ ಸುಮಾರು 1,40,000 ಜನ ಸತ್ತರೆಂದು ನಗರಾಡಳಿತದ ಅಂದಾಜು, ಆರಂಭದ ಅಂದಾಜುಗಳು ಇದರ ಅರ್ಧದಷ್ಟಿದ್ದವು.’ ಬದುಕುಳಿದವರ ಸಂಖ್ಯೆ ಬೇಕಾದರೆ ಜಪಾನ್ ಸರ್ಕಾರ ಪ್ರತಿ ಮಾರ್ಚ್ ಅಂತ್ಯಕ್ಕೆ ಕೊಡುವುದನ್ನೇ ಬಳಸಿ, ವರ್ಷವನ್ನೂ ನಮೂದಿಸಿ. 2024ರಲ್ಲಿ 1,06,825 ಇದ್ದದ್ದು 2025ಕ್ಕೆ 99,130 ಆಯಿತು. ಹಳೆಯ ಲೇಖನದ ಅಂಕಿ ಎತ್ತಿದರೆ ಸಾವಿರಾರು ಜನರ ವ್ಯತ್ಯಾಸ ಬರುತ್ತದೆ.