ಮೊದಲು ಚಿತ್ರ, ಆಮೇಲೆ ಟಿಕೆಟ್

ಪ್ರವಾಸದ ನಡುವೆ ಕಲಾ ಮ್ಯೂಸಿಯಂ ನೋಡುವುದಿದ್ದರೆ ನಾನು ಮೊದಲು ಒಂದು ಚಿತ್ರ ಗೊತ್ತುಮಾಡಿಕೊಳ್ಳುತ್ತೇನೆ. ಹೆಚ್ಚೆಂದರೆ ಮೂರು. ಉಳಿದ ಲೆಕ್ಕಾಚಾರವೆಲ್ಲ ಅದರ ಸುತ್ತ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಂಥ ಕಡೆ ಪ್ರದರ್ಶನಕ್ಕಿರುವ ಕೃತಿಗಳೇ 30 ಸಾವಿರಕ್ಕಿಂತ ಜಾಸ್ತಿ. ಎಲ್ಲವನ್ನೂ ನೋಡಿಬಿಡೋಣ ಅಂತ ಹೊರಟರೆ ಕಾಲು ಸೋಲುತ್ತದೆ, ಮನಸ್ಸಿನಲ್ಲಿ ಒಂದೂ ಉಳಿಯುವುದಿಲ್ಲ.

ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂಗೆ ಹೋದದ್ದು ಚಿತ್ರಕಾರ ವೆಲಾಸ್ಕೆಸ್ 1656ರಲ್ಲಿ ಬರೆದ ‘ಲಾಸ್ ಮೆನಿನಾಸ್’ಗಾಗಿ. ಬಾಗಿಲು ತೆರೆದ ಕೂಡಲೇ ಬೇರೆಲ್ಲೂ ನಿಲ್ಲದೆ ನೇರವಾಗಿ ಅದರ ಮುಂದೆ ಹೋಗಿ ನಿಂತೆ. ಮೂರು ಮೀಟರ್ ಎತ್ತರದ ಚಿತ್ರ. ಹತ್ತಿರದಿಂದ ನೋಡಿದರೆ ಪುಟ್ಟ ರಾಜಕುಮಾರಿಯ ಉಡುಪು ಬರೀ ಬಣ್ಣದ ಗೀಟುಗಳು, ಅವಸರದಲ್ಲಿ ಬಳಿದ ಹಾಗೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಅದೇ ಗೀಟುಗಳು ಮಿನುಗುವ ರೇಷ್ಮೆಯಾಗುತ್ತವೆ. ಹಿಂದೆ ಮುಂದೆ ಓಡಾಡಿ ಇದನ್ನೇ ನೋಡುತ್ತಿದ್ದೆ. ಚಿತ್ರದೊಳಗಿನ ಹಿಂಬದಿ ಗೋಡೆಯ ಕನ್ನಡಿಯಲ್ಲಿ ರಾಜ ರಾಣಿಯರ ಮುಖ ಕಂಡಿದ್ದು ಎಷ್ಟೋ ಹೊತ್ತಿನ ಮೇಲೆ. ಅಲ್ಲಿ ಫೋಟೊ ತೆಗೆಯುವ ಹಾಗಿಲ್ಲ. ನನಗಂತೂ ಅದು ಒಳ್ಳೆಯದೇ ಅನಿಸಿತು, ಎಲ್ಲರೂ ಚಿತ್ರವನ್ನೇ ನೋಡುತ್ತಾರೆ.

ಹೀಗೆ ಒಂದೇ ಚಿತ್ರ ನಂಬಿಕೊಂಡು ಹೊರಟಾಗ ಅದು ಗೋಡೆಯ ಮೇಲಿದೆಯಾ ಅಂತ ಖಚಿತ ಮಾಡಿಕೊಳ್ಳಲೇಬೇಕು. ಬೇರೆ ಊರಿನ ಪ್ರದರ್ಶನಕ್ಕೆ ಕಳಿಸಿರಬಹುದು, ದುರಸ್ತಿಗೆ ಇಳಿಸಿರಬಹುದು. ಕಾಗದದ ಮೇಲಿನ ಕೃತಿಗಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಚಿತ್ರಕಾರ ಡ್ಯೂರರ್ 1502ರಲ್ಲಿ ಬರೆದ ಮೊಲದ ಚಿತ್ರ ವಿಯೆನ್ನಾದ ಆಲ್ಬರ್ಟಿನಾ ಮ್ಯೂಸಿಯಂನಲ್ಲಿದೆ. ಆದರೆ ಬೆಳಕಿಗೆ ಜಲವರ್ಣ ಮಾಸುತ್ತದೆ ಅಂತ ಮೂಲವನ್ನು ಅಪರೂಪಕ್ಕೆ ಮಾತ್ರ ಹೊರಗಿಡುತ್ತಾರೆ, ಉಳಿದಂತೆ ಕಾಣಸಿಗುವುದು ಪ್ರತಿ. ನಾನು ಮ್ಯೂಸಿಯಂ ವೆಬ್‌ಸೈಟ್‌ನಲ್ಲಿ ಕೃತಿಯ ಪುಟ ತೆಗೆದು ಕೋಣೆಯ ಸಂಖ್ಯೆ ಇದೆಯಾ ನೋಡುತ್ತೇನೆ. ಇಲ್ಲದಿದ್ದರೆ ಎರಡು ಸಾಲಿನ ಇಮೇಲ್ ಹಾಕುತ್ತೇನೆ.

ಆಮೇಲೆ ರಜೆಯ ದಿನ. ಪ್ಯಾರಿಸ್‌ನಲ್ಲಿ ಲೂವ್ರ್‌ಗೆ ಮಂಗಳವಾರ ರಜೆ, ಓರ್ಸೆ ಮ್ಯೂಸಿಯಂಗೆ ಸೋಮವಾರ. ಒಂದು ಮುಚ್ಚಿದ ದಿನ ಜನ ಇನ್ನೊಂದರ ಕಡೆ ತಿರುಗುತ್ತಾರೆ ಅಲ್ವಾ, ಹಾಗಾಗಿ ಆ ಎರಡೂ ದಿನ ಬಿಟ್ಟುಬಿಡುತ್ತೇನೆ. ವಾರದಲ್ಲಿ ಒಂದೆರಡು ದಿನ ರಾತ್ರಿಯವರೆಗೂ ತೆರೆದಿರುವ ಮ್ಯೂಸಿಯಂಗಳು ತುಂಬಾ ಇವೆ. ಓರ್ಸೆಯಲ್ಲಿ ಅದು ಗುರುವಾರ. ಪ್ರವಾಸಿಗರ ಗುಂಪುಗಳು ಹೊರಟಮೇಲಿನ ಆ ಹೊತ್ತು ನನಗೆ ಬಹಳ ಇಷ್ಟ. ಆಮ್‌ಸ್ಟರ್‌ಡಾಮ್‌ನ ವ್ಯಾನ್ ಗೋ ಮ್ಯೂಸಿಯಂನಂಥ ಕಡೆ ಆನ್‌ಲೈನ್‌ನಲ್ಲೇ ಸಮಯ ಗೊತ್ತುಮಾಡಿ ಟಿಕೆಟ್ ತೆಗೆಯಬೇಕು, ಅದನ್ನು ಮಾತ್ರ ಮುಂದೂಡುವುದಿಲ್ಲ.

ಊರು ಬದಲಿಸುವ ದಿನ ಮ್ಯೂಸಿಯಂ ಇಟ್ಟುಕೊಳ್ಳುವುದೂ ಇಲ್ಲ. ದೊಡ್ಡ ಸೂಟ್‌ಕೇಸನ್ನು ಬಹಳಷ್ಟು ಕಡೆ ಒಳಗೂ ಬಿಡುವುದಿಲ್ಲ, ಅಲ್ಲಿ ಇಟ್ಟುಕೊಳ್ಳುವುದೂ ಇಲ್ಲ.