ಹಾಡಿಯಲ್ಲಿ ಸಂಘ ಕಟ್ಟುವವರಿಗೆ ಕೆಲವು ಮಾತು

ಕೊಡಗಿನ ಸಿದ್ದಾಪುರ, ತಿತಿಮತಿ ಕಡೆ ಆದಿವಾಸಿಗಳ ಹಾಡಿಗಳಿಗೆ, ತೋಟದ ಕೂಲಿಯವರ ಲೈನ್ ಮನೆಗಳಿಗೆ ಸಂಘದ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಒಂದೇ. ಕಾಫಿ ತೋಟದ ಕೆಲಸ ನೋಡಿಕೊಂಡು ಸಭೆ ಇಡಿ. ಡಿಸೆಂಬರ್‌ನಿಂದ ಫೆಬ್ರವರಿ ತನಕ ಕೊಯ್ಲು. ಬೆಳಿಗ್ಗೆ ಜೀಪು ಹತ್ತಿದವರು ವಾಪಸ್ ಬಂದು ಒಲೆ ಹಚ್ಚುವಷ್ಟರಲ್ಲಿ ಕತ್ತಲಾಗಿರುತ್ತದೆ. ನಾಲ್ಕು ಕಾಸು ಜಾಸ್ತಿ ಕಾಣುವ ತಿಂಗಳುಗಳೂ ಅವೇ. ಆಗ ಸಭೆ ಕರೆದು, 'ಜನಕ್ಕೆ ಆಸಕ್ತಿ ಇಲ್ಲ' ಅನ್ನುವುದು ಅನ್ಯಾಯ ಅಲ್ವಾ? ಕೊಯ್ಲಿನ ಕಾಲದಲ್ಲಿ ಸಂತೆ ದಿನ ಅರ್ಧ ಗಂಟೆ ಸೇರಿದರೂ ಸಾಕು. ಮೇ ತಿಂಗಳಲ್ಲಿ ಬರುವ ಆದಿವಾಸಿಗಳ ಕುಂಡೆ ಹಬ್ಬದ ಹೊತ್ತಿಗೆ ಏನೂ ಇಟ್ಟುಕೊಳ್ಳಬೇಡಿ.

ಮಳೆ ಹಿಡಿದ ಮೇಲೆ ಕಾಗದದ ಕೆಲಸ ಶುರು ಮಾಡಿ. ಇದರಲ್ಲಿ ಆತುರ ಬೇಡ, ಸಂಘದ ಬಲ ಇರುವುದೇ ಇಲ್ಲಿ. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಜಾಗದ ಹಕ್ಕು ಪಡೆಯಲು ಆದಿವಾಸಿ ಕುಟುಂಬ 2005ರ ಡಿಸೆಂಬರ್ 13ಕ್ಕಿಂತ ಮೊದಲೇ ಆ ಕಾಡಿನ ಜಾಗದಲ್ಲಿತ್ತು ಎಂದು ತೋರಿಸಬೇಕು. ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಬೇಕು. ಆದರೆ ಸಾಕ್ಷ್ಯ ಅಂದರೆ ಬರೀ ಸರ್ಕಾರಿ ಕಾಗದ ಅಲ್ಲ. ಹಳೇ ಬಾವಿ, ಹಿರಿಯರನ್ನು ಹೂಳಿದ ಜಾಗ, ದೇವರ ಬನ ಎಲ್ಲವೂ ನಡೆಯುತ್ತದೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯವೇ. ಹಾಗಾಗಿ ಅಜ್ಜಿಯರ ಹತ್ತಿರ ಕೂತು ಬರೆದುಕೊಳ್ಳಿ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಹಾಕಿಸಿ.

ಅರ್ಜಿ ಕೊಟ್ಟಾಗ ಸ್ವೀಕೃತಿ ಇಲ್ಲದೆ ಹಿಂದೆ ಬರಬೇಡಿ. 'ಸಾಹೇಬ್ರು ಇಲ್ಲ, ಇಟ್ಟು ಹೋಗಿ' ಅಂದರೆ ಸೀಲು ಬೀಳುವವರೆಗೆ ಕೂತಿರಿ. ಜೆರಾಕ್ಸ್ ಪ್ರತಿ ಎರಡು ಮನೆಗಳಲ್ಲಿರಲಿ, ಮಳೆಗೆ ಒಂದು ಸೂರು ಸೋರಿದರೂ ಇನ್ನೊಂದು ಉಳಿಯುತ್ತದೆ. ಅರಣ್ಯ ಹಕ್ಕಿನ ಉಪವಿಭಾಗ ಮಟ್ಟದ ಸಮಿತಿ ಅರ್ಜಿ ತಿರಸ್ಕರಿಸಿದರೆ ಕಾರಣ ಬರವಣಿಗೆಯಲ್ಲಿ ಕೇಳಿ. ಜಿಲ್ಲಾ ಸಮಿತಿಗೆ ಮೇಲ್ಮನವಿ ಹಾಕಲು 60 ದಿನ ಇದೆ. ಆ ತಾರೀಖನ್ನು ಗೋಡೆಯ ಮೇಲೇ ಬರೆದಿಡಿ. ಖಾಸಗಿ ತೋಟದ ಲೈನ್ ಮನೆಯವರಿಗೆ ಈ ದಾರಿ ಇಲ್ಲ, ಅವರದು ನಿವೇಶನದ ಅರ್ಜಿ. ಎರಡನ್ನೂ ಒಂದೇ ಫೈಲಿಗೆ ಹಾಕಬೇಡಿ.

2016ರ ಡಿಸೆಂಬರ್‌ನಲ್ಲಿ ಇದೇ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದಾಗ ಜನ ಅಲ್ಲೇ ಕೂತರು, ಕೊಯ್ಲಿನ ತಿಂಗಳಲ್ಲೇ. ತಿಂಗಳುಗಟ್ಟಲೆ ಹೋರಾಡಿದರು. ನಂತರ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಆಯಿತು. ಆ ಛಲ ನೆನೆದರೆ ಇವತ್ತಿಗೂ ನನ್ನ ಎದೆ ತುಂಬುತ್ತದೆ. ಆದರೆ ಜಾಗ ಸಿಕ್ಕಿತೆಂದು ಸಂಘ ಮುಚ್ಚುವುದಲ್ಲ. ನೀರು, ಕರೆಂಟು, ಹಕ್ಕುಪತ್ರದ ಓಡಾಟ ಶುರುವಾಗುವುದೇ ಆಮೇಲೆ.

ದುಡ್ಡಿನ ಲೆಕ್ಕವನ್ನು ತಿಂಗಳಿಗೊಮ್ಮೆ ಎಲ್ಲರೆದುರು ಗಟ್ಟಿಯಾಗಿ ಓದಿ. ಹತ್ತು ರೂಪಾಯಿಯ ಅನುಮಾನ ಸಾಕು, ಸಂಘ ಒಡೆಯುತ್ತದೆ.

ಸುಸ್ತಾದವರಿಗೆ ಬಯ್ಯಬೇಡಿ. ಯಾವ ಕೆಲಸಕ್ಕೂ ಇಬ್ಬರಿರಲಿ, ಒಬ್ಬರು ಒಂದು ತಿಂಗಳು ಬಿಟ್ಟು ಕೂತರೂ ಇನ್ನೊಬ್ಬರಿಗೆ ಗೊತ್ತಿರುತ್ತದೆ. ಮಡಿಕೇರಿಯ ಡಿಸಿ ಆಫೀಸಿಗೆ ಪ್ರತಿ ಸಲ ಹೊಸಬರೊಬ್ಬರನ್ನು ಕರೆದುಕೊಂಡು ಹೋಗಿ. ಹೆಂಗಸರನ್ನು ಕರೆಯಿರಿ, ಅವರೇ ಮಾತಾಡಲಿ. ಬಸ್ ಚಾರ್ಜು, ಊಟ, ಆ ದಿನ ತಪ್ಪಿದ ಕೂಲಿ ಮೂರನ್ನೂ ಸಂಘದ ಹಣದಿಂದ ಕೊಡಿ. ಅವರು ಕೇಳುವ ಮೊದಲೇ, ಬಸ್ ಹತ್ತುವಾಗಲೇ ಕೈಗಿಡಿ.