ನನ್ನ ಶಿಕಾರಿ ರೈಫಲ್‌ಗೆ ಹೊಸ ಟ್ರಿಗರ್ ಹಾಕಿದ ಅನುಭವ

ಒಂದು ರೂಪಾಯಿ ನಾಣ್ಯವನ್ನು ನಳಿಗೆಯ ಮೇಲೆ, ತುದಿಯ ಹತ್ತಿರ ಇಟ್ಟು ಖಾಲಿ ರೈಫಲ್‌ನ ಟ್ರಿಗರ್ ಎಳೆದೆ. ನಾಣ್ಯ ಟಣ್ ಎಂದು ನೆಲಕ್ಕೆ ಬಿತ್ತು. ಹತ್ತು ಸಲ ಮಾಡಿದೆ. ಎಂಟು ಸಲ ಬಿತ್ತು. ಒಳಗೆ ತೋಟ (ಗುಂಡು, ಮದ್ದು ತುಂಬಿದ ಕೊಳವೆ) ಇಲ್ಲ, ಸದ್ದಿಲ್ಲ, ಹೆಗಲಿಗೆ ಒದೆಯುವ ಪೆಟ್ಟೂ ಇಲ್ಲ. ಆದರೂ ನಳಿಗೆ ಅಲ್ಲಾಡುತ್ತಿತ್ತು. ಅಲ್ಲಾಡಿಸುತ್ತಿದ್ದದ್ದು ನನ್ನ ಒಂದೇ ಬೆರಳು.

ಇದು 2021ರ ಡಿಸೆಂಬರ್ ಮಾತು. ಪೆನ್ಸಿಲ್ವೇನಿಯಾದ ಪಾಟರ್ ಕೌಂಟಿಯ ಕಾಡಿನಲ್ಲಿ ಆ ವಾರವಷ್ಟೇ ಒಂದು ಬಿಳಿಬಾಲದ ಜಿಂಕೆಗೆ ಈಡು ಹೊಡೆದಿದ್ದೆ. ಬರೀ 90 ಗಜ ದೂರ. ಅಡ್ಡಲಾಗಿ, ಅಲ್ಲಾಡದೆ ನಿಂತಿತ್ತು. ಗುಂಡು ತಗುಲಲಿಲ್ಲ. ಗಾಯವಾಗಿದ್ದರೆ ಅದು ಎಲ್ಲೋ ಬಿದ್ದು ನರಳುತ್ತದೆ ಎಂಬ ಭಯಕ್ಕೆ ಎರಡು ಗಂಟೆ ಹಿಮದಲ್ಲಿ ರಕ್ತದ ಗುರುತು ಹುಡುಕಿದೆ. ಒಂದು ಹನಿಯೂ ಸಿಗಲಿಲ್ಲ. ಗುಂಡು ಪೂರ್ತಿ ಪಕ್ಕಕ್ಕೆ ಹೋಗಿತ್ತು. ಸಮಾಧಾನವಾಯಿತು, ನಿಜ. ಆದರೆ ಎರಡು ಇಂಚು ಅಥವಾ ನಾಲ್ಕು ಇಂಚು ಆಚೀಚೆ ಆಗಿದ್ದರೆ ಏನಾಗುತ್ತಿತ್ತು ಎಂದು ರಾತ್ರಿಯಿಡೀ ನಿದ್ದೆ ಬರಲಿಲ್ಲ.

ನಾನು ಕೊಡಗಿನವನು. ಮನೆಯಲ್ಲಿ ಕೋವಿ ಇತ್ತು. ಆದರೆ ನಾನು ಹುಟ್ಟುವ ಮೊದಲೇ, 1972ರ ವನ್ಯಜೀವಿ ಕಾಯ್ದೆಯಿಂದ ನಮ್ಮಲ್ಲಿ ಶಿಕಾರಿ ಮುಗಿದಿತ್ತು. ಕೋವಿ ಉಳಿದದ್ದು ಕೈಲ್‌ಪೊಳ್ದ್ ಹಬ್ಬದ ಆಯುಧ ಪೂಜೆಗೆ, ಮತ್ತೆ ತೆಂಗಿನಕಾಯಿಗೆ ಗುರಿ ಇಡುವ ಪಂದ್ಯಕ್ಕೆ. ತಾತ ಟ್ರಿಗರ್ ಎನ್ನುತ್ತಿರಲಿಲ್ಲ, ಕುದುರೆ ಎನ್ನುತ್ತಿದ್ದರು. 'ಕುದುರೆಯನ್ನು ಎಳೀಬೇಡ, ಹಿಂಡು' ಅನ್ನುತ್ತಿದ್ದರು. ಅಮೆರಿಕಕ್ಕೆ ಬಂದ ಮೇಲೆ ಎಚ್-1ಬಿ ವೀಸಾದಲ್ಲಿ ಇರುವಷ್ಟು ಕಾಲ ನಾನು ಬಂದೂಕು ಮುಟ್ಟಲಿಲ್ಲ. ಆ ವೀಸಾದವರಿಗೆ ಫೆಡರಲ್ ಕಾನೂನು ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳಲು ಬಿಡುವುದಿಲ್ಲ. ಶಿಕಾರಿ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಆದರೂ ಗ್ರೀನ್ ಕಾರ್ಡ್ ಬರಲಿ ಎಂದು ಕಾದೆ. ಆಮೇಲೆ ಇಲ್ಲಿನ ಹಂಟರ್-ಟ್ರ್ಯಾಪರ್ ಕೋರ್ಸ್ ಮುಗಿಸಿ ಲೈಸೆನ್ಸ್ ತೆಗೆದುಕೊಂಡೆ.

ರೈಫಲ್ ಹಳೆಯದು, ಸೆಕೆಂಡ್ ಹ್ಯಾಂಡ್. ರೆಮಿಂಗ್ಟನ್ 700, ತೋಟ .308 ವಿಂಚೆಸ್ಟರ್. 1962ರಲ್ಲಿ ಬಂದ ಈ ಮಾದರಿಗೆ ಸಿಗುವಷ್ಟು ಬಿಡಿಭಾಗಗಳು ಬೇರೆ ಯಾವ ಬೋಲ್ಟ್ ರೈಫಲ್‌ಗೂ ಸಿಗುವುದು ಕಷ್ಟ. ಅದಕ್ಕೇ ಕೊಂಡಿದ್ದೆ. ಹಳೆಯ 700 ಕೊಳ್ಳುವವರು ಮೊದಲು ಒಂದು ಕೆಲಸ ಮಾಡಬೇಕು. 2006ರ ಮೇ ತಿಂಗಳಿಂದ 2014ರ ಏಪ್ರಿಲ್ ವರೆಗೆ ತಯಾರಾದ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್‌ಗಳನ್ನು ಕಂಪನಿ 2014ರಲ್ಲಿ ವಾಪಸ್ ಕರೆದಿತ್ತು. ನಿಮ್ಮ ರೈಫಲ್ ಆ ಕಾಲದ್ದಾ ಎಂದು ಸೀರಿಯಲ್ ನಂಬರ್ ಹಿಡಿದು ನೋಡಿ. ನನ್ನದು ಅದಕ್ಕಿಂತ ಹಳೆಯದು. ನನ್ನ ತೊಂದರೆಯೇ ಬೇರೆ. ನನಗಿಂತ ಮೊದಲು ಇಟ್ಟುಕೊಂಡಿದ್ದ ಯಾರೋ ಟ್ರಿಗರ್ ಸ್ಕ್ರೂಗಳನ್ನು ತಿರುಗಿಸಿ ನೋಡಿದ್ದರು. ಸ್ಕ್ರೂ ಮೇಲಿನ ಕಾರ್ಖಾನೆಯ ಅರಗು ಒಡೆದಿತ್ತು. ಒಳಗೆಲ್ಲ ಹಳೆಯ ಎಣ್ಣೆ ಅಂಟಿನ ಹಾಗೆ ಗಟ್ಟಿಯಾಗಿತ್ತು. ಕೊಳ್ಳುವಾಗ ಇದನ್ನೆಲ್ಲ ನೋಡಬೇಕು ಎಂದು ನನಗೆ ಗೊತ್ತಿರಲಿಲ್ಲ.

ಟ್ರಿಗರ್ ಎಳೆತ ಅಳೆಯುವ ಗೇಜ್ ತರಿಸಿದೆ. ಚಿಕ್ಕ ತಕ್ಕಡಿ ಅಷ್ಟೇ, ತುದಿಯಲ್ಲಿ ಕೊಕ್ಕೆ. ಹತ್ತು ಸಲ ಅಳೆದೆ. ಒಮ್ಮೆ ನಾಲ್ಕೂವರೆ ಪೌಂಡ್, ಒಮ್ಮೆ ಆರು, ಮತ್ತೆ ಐದು. ಸರಾಸರಿ ಐದೂವರೆ ಪೌಂಡ್, ಅಂದರೆ ಸುಮಾರು ಎರಡೂವರೆ ಕೇಜಿ. ದುರ್ಬೀನು ಸೇರಿ ರೈಫಲ್ ತೂಕ ಮೂರೂವರೆ ಕೇಜಿಗಿಂತ ಸ್ವಲ್ಪ ಜಾಸ್ತಿ. ಅಷ್ಟು ತೂಕದ ವಸ್ತುವನ್ನು ಎರಡೂವರೆ ಕೇಜಿ ಬಲದಿಂದ ಎಳೆದರೆ ಅದು ಅಲ್ಲಾಡದೆ ಇರುತ್ತದಾ? ಬಲಕ್ಕಿಂತ ಕೆಟ್ಟದ್ದು ಏರಿಳಿತ. ಯಾವಾಗ ಬಿಡುಗಡೆ ಆಗುತ್ತದೆ ಎಂದು ಬೆರಳಿಗೆ ಗೊತ್ತೇ ಆಗುವುದಿಲ್ಲ. ಕೊನೆಗೆ ಬೇಸತ್ತು ಜಗ್ಗಿಬಿಡುತ್ತೀರಿ. ಆ ಜಿಂಕೆಯ ಮುಂದೆ ನಾನು ಮಾಡಿದ್ದು ಅದನ್ನೇ.

ಒಳಗೆ ಏನಾಗುತ್ತದೆ ಎಂದು ಹೇಳಿಬಿಡುತ್ತೇನೆ. ಬೋಲ್ಟ್, ಅಂದರೆ ನಳಿಗೆಯ ಹಿಂಬದಿ ಮುಚ್ಚುವ ಉಕ್ಕಿನ ಸರಳು, ಮುಚ್ಚಿದಾಗ ತೋಟಕ್ಕೆ ಬಡಿಯುವ ಫೈರಿಂಗ್ ಪಿನ್ ಸ್ಪ್ರಿಂಗ್ ಬಿಗಿದು ಹಿಂದೆ ನಿಲ್ಲುತ್ತದೆ. ಅದನ್ನು ತಡೆದು ಹಿಡಿಯುವ ಪುಟ್ಟ ಉಕ್ಕಿನ ಅಡೆಗೆ ಸಿಯರ್ ಎನ್ನುತ್ತಾರೆ. ಸಿಯರ್ ಕೆಳಗೆ ಟ್ರಿಗರ್‌ನ ಅಂಚು ಆನಿಕೊಂಡಿರುತ್ತದೆ. ನಾವು ಎಳೆದಾಗ ಆ ಅಂಚು ಜಾರಿ ಹೊರಬರುತ್ತದೆ, ಸಿಯರ್ ಬೀಳುತ್ತದೆ, ಪಿನ್ ಮುಂದೆ ಹಾರುತ್ತದೆ. ಅಂಚುಗಳು ಒರಟಾಗಿದ್ದರೆ ಆ ಜಾರಿಕೆ ಬೆರಳಿಗೆ ಮರಳು ತಿಕ್ಕಿದ ಹಾಗೆ ಗೊತ್ತಾಗುತ್ತದೆ. ಇಲ್ಲಿನವರು ಅದಕ್ಕೆ ಕ್ರೀಪ್ ಎನ್ನುತ್ತಾರೆ. ಅಂಚುಗಳು ಒಂದರ ಮೇಲೊಂದು ಆನಿಕೊಂಡಿರುವುದು ಕೂದಲೆಳೆಯಷ್ಟು. ಅದಕ್ಕೇ ಮನೆಯಲ್ಲಿ ಅರ, ಎಮೆರಿ ಕಾಗದ ಹಿಡಿದು ಸಿಯರ್ ಉಜ್ಜುವ ಕೆಲಸ ಯಾರೂ ಮಾಡಬಾರದು. ಸ್ವಲ್ಪ ಜಾಸ್ತಿ ಉಜ್ಜಿದರೂ ಬೋಲ್ಟ್ ಮುಚ್ಚುವಾಗಲೇ ಗುಂಡು ಹಾರಬಹುದು.

ಲೈಟರ್ ಪೆಟ್ರೋಲಿನಿಂದ ತೊಳೆದ ಮೇಲೆ ಏರಿಳಿತ ಕಡಿಮೆಯಾಯಿತು. ಆದರೆ ಇನ್ನೊಬ್ಬರು ಕೈ ಆಡಿಸಿದ ಟ್ರಿಗರ್ ಮೇಲೆ ನನಗೆ ನಂಬಿಕೆ ಬರಲಿಲ್ಲ. ಪೂರ್ತಿ ಬದಲಾಯಿಸುವುದೆಂದು ನಿರ್ಧರಿಸಿದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಎಂದು ಮೊದಲೇ ನಿಯಮ ಮಾಡಿಕೊಂಡೆ. ಪ್ರತಿ ಬದಲಾವಣೆ ಆದಮೇಲೆ ರೇಂಜ್‌ನಲ್ಲಿ, ಅಂದರೆ ಗುರಿ ಅಭ್ಯಾಸದ ಜಾಗದಲ್ಲಿ, 100 ಗಜಕ್ಕೆ ಐದೈದು ಗುಂಡಿನ ಐದು ಗುಂಪು, ಅದೇ 165 ಗ್ರೇನ್ (ಗುಂಡಿನ ತೂಕ) ತೋಟ. ಎಲ್ಲ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಎಂದು ಎಂದಿಗೂ ತಿಳಿಯುವುದಿಲ್ಲ. ಶುರುವಿನಲ್ಲಿ ಗುಂಪಿನ ಸರಾಸರಿ ಅಗಲ, ಅಂದರೆ ಐದು ತೂತುಗಳು ಹರಡಿದ ದೂರ, ಮೂರು ಇಂಚು. ಅದು ಕಡಿಮೆಯಾದಷ್ಟೂ ಒಳ್ಳೆಯದು.

ಮೊದಲ ಪಾಠ ಟ್ರಿಗರ್‌ನಿಂದ ಬರಲೇ ಇಲ್ಲ. ದುರ್ಬೀನನ್ನು ರೈಫಲ್‌ಗೆ ಹಿಡಿದಿಡುವ ಬೇಸ್ ಸ್ಕ್ರೂಗಳನ್ನು ಸುಮ್ನೆ ಪರೀಕ್ಷಿಸಿದೆ. ಮುಂದಿನ ಒಂದು ಸ್ಕ್ರೂ ಬೆರಳಲ್ಲೇ ತಿರುಗಿತು! ಕೂರಿಸಿಕೊಟ್ಟವರು ಬಿಗಿ ಮಾಡಲು ಮರೆತಿದ್ದರು. ಎಲ್ಲ ಬಿಚ್ಚಿ, ಎಣ್ಣೆ ಒರೆಸಿ, ಸ್ಕ್ರೂ ಸಡಿಲಾಗದ ಹಾಗೆ ಹಿಡಿಯುವ ನೀಲಿ ಲಾಕ್‌ಟೈಟ್ ಅಂಟು ಒಂದು ಹನಿ ಹಾಕಿ, ಬಿಗಿತ ಅಳೆಯುವ ಟಾರ್ಕ್ ಡ್ರೈವರ್‌ನಿಂದ ಬಿಗಿದೆ. ದುರ್ಬೀನನ್ನು ಸುತ್ತಿ ಹಿಡಿಯುವ ರಿಂಗ್‌ಗಳ ಸ್ಕ್ರೂಗಳಿಗೆ 18 ಇಂಚು-ಪೌಂಡ್. ಗುಂಪು 2.3 ಇಂಚಿಗೆ ಇಳಿಯಿತು. ಒಂದು ಪೈಸೆ ಖರ್ಚಿಲ್ಲದೆ. ಹೊಸ ಭಾಗ ಕೊಳ್ಳುವ ಮುಂಚೆ ಇರುವ ಸ್ಕ್ರೂಗಳನ್ನು ನೋಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಆಮೇಲೆ ಟ್ರಿಗರ್. ಟಿಮ್ನಿ ಆರಿಸಿಕೊಂಡೆ. 1946ರಿಂದ ಟ್ರಿಗರ್ ಮಾಡುತ್ತಿರುವ ಕಂಪನಿ. ನಾನು ಕೊಂಡದ್ದು ಸೇಫ್ಟಿ (ಗುಂಡು ಹಾರದಂತೆ ತಡೆಯುವ ಕಡ್ಡಿ) ಸಮೇತ ಬರುವ ಮಾದರಿ, ಕಾರ್ಖಾನೆಯಿಂದ ಮೂರು ಪೌಂಡ್‌ಗೆ ಹೊಂದಿಸಿ ಬರುತ್ತದೆ. ಕೆಲಸ ಶುರು ಮಾಡುವ ಮುನ್ನ ತೋಟಗಳನ್ನು ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿದೆ. ಬೋಲ್ಟ್ ಹೊರತೆಗೆದೆ. ನಳಿಗೆಯ ಹಿಂದೆ ಬೆರಳಿಟ್ಟು ಖಾಲಿ ಇದೆಯಾ ಎಂದು ನೋಡಿದೆ. ಸ್ಕ್ರೂ ಬಿಚ್ಚಿ ಮರದಿಂದ, ಅಂದರೆ ಹೆಗಲಿಗೆ ಆನಿಸುವ ಮರದ ಸ್ಟಾಕ್‌ನಿಂದ, ಲೋಹದ ಭಾಗ ಬೇರೆ ಮಾಡಿದೆ. ಹಳೆಯ ಟ್ರಿಗರ್ ಎರಡೇ ಎರಡು ಅಡ್ಡ ಪಿನ್‌ಗಳ ಮೇಲೆ ನಿಂತಿರುತ್ತದೆ. ಅದರಲ್ಲಿ ಒಂದು ಪಿನ್ ಮೇಲೆ ಬೋಲ್ಟ್ ಸ್ಟಾಪ್ ಎಂಬ ಚಿಕ್ಕ ತುಂಡು, ಅದಕ್ಕೊಂದು ಸ್ಪ್ರಿಂಗ್. ಇವೆರಡನ್ನೂ ಹೊಸ ಟ್ರಿಗರ್ ಜೊತೆ ಮತ್ತೆ ಹಾಕಬೇಕು. ಪಿನ್ ಬಂದ ತಕ್ಷಣ ಆ ಸ್ಪ್ರಿಂಗ್ ಹಾರುತ್ತದೆ. ನಾನು ಇಡೀ ರೈಫಲನ್ನು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಂಡೇ ಪಿನ್ ತೆಗೆದೆ. ಹಾರಿದ್ದು ಚೀಲದಲ್ಲೇ ಉಳಿಯಿತು. ಮುಂಚೆಯೇ ನಾಲ್ಕು ಕಡೆಯಿಂದ ಫೋಟೋ ತೆಗೆದಿದ್ದು ವಾಪಸ್ ಜೋಡಿಸುವಾಗ ಬಹಳ ಸಹಾಯವಾಯಿತು. ಸ್ಪ್ರಿಂಗ್‌ನ ಯಾವ ಕಾಲು ಯಾವ ಕಡೆ ಎಂದು ಐದು ನಿಮಿಷಕ್ಕೇ ಮರೆತುಹೋಗುತ್ತದೆ.

ಒಟ್ಟು ನಲವತ್ತು ನಿಮಿಷದ ಕೆಲಸ. ಪರೀಕ್ಷೆಗೆ ಅದಕ್ಕಿಂತ ಜಾಸ್ತಿ ಹೊತ್ತು ಕೊಟ್ಟೆ. ಸೇಫ್ಟಿ ಹಾಕಿ ಟ್ರಿಗರ್ ಗಟ್ಟಿಯಾಗಿ ಎಳೆದು ಬಿಡಬೇಕು, ಆಮೇಲೆ ಸೇಫ್ಟಿ ತೆಗೆಯಬೇಕು. ಫೈರಿಂಗ್ ಪಿನ್ ಬೀಳಬಾರದು. ಬೋಲ್ಟನ್ನು ರಭಸದಿಂದ ಮುಚ್ಚಬೇಕು. ಬೀಳಬಾರದು. ರಬ್ಬರ್ ಸುತ್ತಿಗೆಯಿಂದ ಎಲ್ಲ ಕಡೆ ತಟ್ಟಬೇಕು. ಆಗಲೂ ಬೀಳಬಾರದು. ಒಂದೊಂದನ್ನೂ ಇಪ್ಪತ್ತು ಸಲ ಮಾಡಿದೆ. ಎಲ್ಲದರಲ್ಲೂ ಪಾಸಾಯಿತು.

ಮರಕ್ಕೆ ಕೂರಿಸಿ ಸ್ಕ್ರೂ ಬಿಗಿದೆ. ಅಭ್ಯಾಸಕ್ಕೆಂದು ಮತ್ತೊಮ್ಮೆ ಸೇಫ್ಟಿ ಹಾಕಿದೆ. ಅದು ಪೂರ್ತಿ ಹಿಂದಕ್ಕೆ ಬರಲಿಲ್ಲ! ಅರ್ಧದಲ್ಲೇ ನಿಂತಿತು. ನನ್ನ ಎದೆ ಧಸಕ್ಕೆಂದಿತು. ಹೊಸ ಟ್ರಿಗರ್‌ನ ಸೇಫ್ಟಿ ಕಡ್ಡಿ ಮರದ ಒಳಗೋಡೆಗೆ ಉಜ್ಜುತ್ತಿತ್ತು. ಹೊರಗೆ ಇಟ್ಟುಕೊಂಡು ಮಾಡಿದ ಪರೀಕ್ಷೆಯಲ್ಲಿ ಇದು ಕಾಣುವುದೇ ಇಲ್ಲ. ಹೆಂಡತಿಯ ಹಳೆಯ ಲಿಪ್‌ಸ್ಟಿಕ್ ತಂದು ಕಡ್ಡಿಗೆ ಸವರಿ ಒಳಗೆ ಕೂರಿಸಿ ತೆಗೆದೆ. ಮರದಲ್ಲಿ ಕೆಂಪು ಗುರುತು ಬಿದ್ದ ಜಾಗವನ್ನಷ್ಟೇ ಎಮೆರಿ ಕಾಗದದಿಂದ ಕೆರೆದೆ. ಮೂರು ಸಲ ಹೀಗೆ ಮಾಡಿದ ಮೇಲೆ ಕಡ್ಡಿ ಸಲೀಸಾಯಿತು. ಎಲ್ಲ ಪರೀಕ್ಷೆಗಳನ್ನೂ ಮರ ಸಮೇತ ಮತ್ತೆ ಮೊದಲಿನಿಂದ ಮಾಡಿದೆ, ದಪ್ಪ ಚಾಪೆ ಮೇಲೆ ಮರದ ಹಿಂತುದಿಯನ್ನು ಕುಟ್ಟಿಯೂ ನೋಡಿದೆ. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ. ಪೂರ್ತಿ ಜೋಡಿಸಿದ ರೈಫಲ್‌ನಲ್ಲಿ ಮಾಡಿದ ಪರೀಕ್ಷೆಯೇ ಲೆಕ್ಕಕ್ಕೆ. ಇದರಲ್ಲಿ ಯಾವುದಾದರೂ ಒಂದು ಹಂತ ಕೈಗೆ ಕಷ್ಟ ಅನ್ನಿಸಿದರೆ ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವರು) ಹತ್ತಿರ ಕೊಡಿ.

ಈಗ ಗೇಜ್ ಹತ್ತು ಸಲವೂ ಮೂರು ಪೌಂಡ್ ಆಸುಪಾಸು ತೋರಿಸಿತು. ಗಾಜಿನ ಕಡ್ಡಿ ಮುರಿದ ಹಾಗೆ ಟಕ್ ಎಂದು ಬಿಡುಗಡೆ. ನಳಿಗೆ ಮೇಲಿನ ರೂಪಾಯಿ ನಾಣ್ಯ ಹತ್ತಕ್ಕೆ ಹತ್ತೂ ಸಲ ಅಲ್ಲೇ ನಿಂತಿತು. ರೇಂಜ್‌ನಲ್ಲಿ ಗುಂಪು 1.6 ಇಂಚಿಗೆ ಬಂತು. ನಳಿಗೆ ಅದೇ, ತೋಟವೂ ಅದೇ.

ಆಸೆ ಹೆಚ್ಚಾಯಿತು. ಎಳೆತದ ತೂಕ ಹೊಂದಿಸುವ ಸ್ಕ್ರೂ ತಿರುಗಿಸಿ ಎರಡು ಪೌಂಡ್‌ಗೆ ಇಳಿಸಿದೆ. ಸಿಯರ್ ಸ್ಕ್ರೂ ಮಾತ್ರ ಮುಟ್ಟಲಿಲ್ಲ, ಮುಟ್ಟುವುದೂ ಇಲ್ಲ. ಮೇಜಿನ ಮೇಲೆ ಮರಳು ಚೀಲ ಇಟ್ಟು ಹೊಡೆದಾಗ ಎರಡು ಪೌಂಡ್ ತುಂಬಾ ಚೆನ್ನಾಗಿತ್ತು. ಆದರೆ ಶಿಕಾರಿ ಮೇಜಿನ ಮೇಲೆ ನಡೆಯುವುದಿಲ್ಲ ಅಲ್ವಾ? ಫೆಬ್ರವರಿಯ ಒಂದು ಬೆಳಿಗ್ಗೆ, ಸೊನ್ನೆಗಿಂತ ಎಂಟು ಡಿಗ್ರಿ ಕೆಳಗಿನ ಚಳಿಯಲ್ಲಿ, ಶಿಕಾರಿಗೆ ಹಾಕುವ ಕೈಗವಸು ಹಾಕಿಕೊಂಡೇ ಖಾಲಿ ರೈಫಲ್ ಎಳೆದು ನೋಡಿದೆ. ಬೆರಳು ಟ್ರಿಗರ್‌ಗೆ ತಾಗಿದ್ದೇ ಗೊತ್ತಾಗಲಿಲ್ಲ, ಪಿನ್ ಬಿದ್ದುಬಿಟ್ಟಿತ್ತು. ಅದೇ ದಿನ ಮೂರಕ್ಕೆ ವಾಪಸ್ ಏರಿಸಿದೆ. ಮೂರು ಪೌಂಡ್ ಎಂದರೆ ಸುಮಾರು 1.36 ಕೇಜಿ. ಚಳಿಯಲ್ಲಿ ಮರಗಟ್ಟಿದ ಬೆರಳಿಗೂ ಅದು ಗೊತ್ತಾಗುತ್ತದೆ, ನಳಿಗೆಯನ್ನೂ ಅಲ್ಲಾಡಿಸುವುದಿಲ್ಲ. ಗುರಿ ಪಂದ್ಯದ ರೈಫಲ್‌ನ ಅಳತೆಯನ್ನು ಕಾಡಿಗೆ ತರುವುದು ಅಪಾಯ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಬೇಸಿಗೆಯಲ್ಲಿ ಮರ ಬದಲಾಯಿಸಿದೆ. ಹಳೆಯ ಮರ ತೇವಕ್ಕೆ ಉಬ್ಬಿ ನಳಿಗೆಗೆ ಒಂದು ಕಡೆ ತಾಗುತ್ತಿತ್ತು. ಕಾಗದದ ಪಟ್ಟಿಯನ್ನು ನಳಿಗೆಗೂ ಮರಕ್ಕೂ ನಡುವೆ ಸರಿಸಿ ನೋಡಿದರೆ ಇದು ತಿಳಿಯುತ್ತದೆ. ನನ್ನದು ನಡುವೆ ಸಿಕ್ಕಿಕೊಳ್ಳುತ್ತಿತ್ತು. ಬಾಯ್ಡ್ಸ್ ಅವರ ಲ್ಯಾಮಿನೇಟ್ ಸ್ಟಾಕ್ ತರಿಸಿ, ಲೋಹ ಕೂರುವ ಜಾಗಕ್ಕೆ ಉಕ್ಕಿನ ಪುಡಿ ಬೆರೆತ ಎಪಾಕ್ಸಿ ಹಾಕಿದೆ. ಲೋಹಕ್ಕೆ ಎಪಾಕ್ಸಿ ಅಂಟದ ಹಾಗೆ ಶೂ ಪಾಲಿಶ್ ಎರಡು ಪದರ. ಒದೆತವನ್ನು ಮರಕ್ಕೆ ದಾಟಿಸುವ ಲೋಹದ ತುಂಡಿಗೆ ರೀಕಾಯಿಲ್ ಲಗ್ ಎನ್ನುತ್ತಾರೆ. ಅದರ ಮುಂದೆ, ಪಕ್ಕ, ಅಡಿಗೆ ಟೇಪ್. ಹಿಂಬದಿ ಮಾತ್ರ ಎಪಾಕ್ಸಿಗೆ ಪೂರ್ತಿ ಆನಬೇಕು. ಗಟ್ಟಿಯಾಗಲು ಒಂದು ದಿನ ಬಿಟ್ಟೆ. ಗುಂಪು 1.1 ಇಂಚು.

ನನ್ನ ಎತ್ತರ ಐದಡಿ ಆರಿಂಚು. ಇಲ್ಲಿನ ಸ್ಟಾಕ್‌ಗಳಲ್ಲಿ ಟ್ರಿಗರ್‌ನಿಂದ ಹೆಗಲಿನ ತುದಿಗೆ ಸಾಮಾನ್ಯವಾಗಿ ಹದಿಮೂರೂವರೆ ಇಂಚು ಇರುತ್ತದೆ. ದಪ್ಪ ಜಾಕೆಟ್ ಹಾಕಿದರೆ ನನಗೆ ಅದು ಉದ್ದ, ಹೆಗಲಿಗೆ ಎತ್ತುವಾಗ ಕಂಕುಳಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಮುಕ್ಕಾಲು ಇಂಚು ಕತ್ತರಿಸಿ ಮೆತ್ತನೆಯ ರಬ್ಬರ್ ಪ್ಯಾಡ್ ಹಾಕಿಸಿದೆ. ಅದೊಂದನ್ನು ಬಡಗಿ ಕೆಲಸ ಗೊತ್ತಿರುವ ಗೆಳೆಯನಿಂದ ಮಾಡಿಸಿದ್ದು. ಭಾರತದಿಂದ ಬಂದ ನನ್ನ ಅಳತೆಯ ಗೆಳೆಯರಿಗೆ ಟ್ರಿಗರ್‌ಗಿಂತ ಮೊದಲು ಇದನ್ನೇ ಮಾಡಿ ಎನ್ನುತ್ತೇನೆ.

2022ರ ಜಿಂಕೆ ಶಿಕಾರಿಯ ಸೀಸನ್ ನವೆಂಬರ್ 26, ಶನಿವಾರ ಶುರುವಾಯಿತು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹೆಮ್ಲಾಕ್ ಮರಗಳ ನಡುವಿನಿಂದ ಒಂದು ಗಂಡು ಜಿಂಕೆ ಬಂತು. ನೂರಹತ್ತು ಗಜ. ಕುಳಿತು, ಮೊಣಕೈ ಮಂಡಿಗೆ ಆನಿಸಿ, ಉಸಿರು ಅರ್ಧ ಬಿಟ್ಟು ಹಿಂಡಿದೆ. ಯಾವಾಗ ಬಿಡುಗಡೆಯಾಯಿತು ಎಂದು ನೆನಪಿಲ್ಲ. ಜಿಂಕೆ ಮೂವತ್ತು ಹೆಜ್ಜೆ ಓಡಿ ಬಿತ್ತು. ಹತ್ತಿರ ಹೋಗುವಷ್ಟರಲ್ಲಿ ಜೀವ ಹೋಗಿತ್ತು. ಮಾಂಸ ಮನೆಗೆ ಬಂತು. ಕೊಡಗಿನ ಹುಳಿ ಕಾಚಂಪುಳಿ ಹಾಕಿ ಮಾಡಿದ ಸಾರನ್ನು ನಾಲ್ಕು ಮನೆಯವರು ಕೂತು ಉಂಡೆವು.

ಈಗ ಪ್ರತಿ ವರ್ಷ ಸೆಪ್ಟೆಂಬರ್ 3ಕ್ಕೆ, ಕೈಲ್‌ಪೊಳ್ದ್ ದಿನ, ರೈಫಲ್ ಬಿಚ್ಚಿ ಒರೆಸುತ್ತೇನೆ. ಸ್ಕ್ರೂಗಳ ಟಾರ್ಕ್ ನೋಡುತ್ತೇನೆ. ಸೇಫ್ಟಿ ಪರೀಕ್ಷೆ ಮಾಡಿ, ಗೇಜ್‌ನಲ್ಲಿ ಹತ್ತು ಸಲ ಅಳೆದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ಊರಲ್ಲಾದರೆ ಕೋವಿಗೆ ತೋಕ್‌ಪೂ ಇಡುತ್ತಾರೆ. ಇಲ್ಲಿ ಹಿತ್ತಲಿನ ಚೆಂಡು ಹೂವು ಇಡುತ್ತೇನೆ. ಕಳೆದ ಸಲದ ಅಳತೆ ಎರಡು ಪೌಂಡ್ ಹದಿನೈದು ಔನ್ಸ್.